*ಆರೋಗ್ಯ ಮಾಲಿಕೆ: ಆ್ಯಂಟಿಬಯಾಟಿಕ್ ಅಳೆಯುವುದು ಹೇಗೆ? ಅದು ನಮಗೇಕೆ ಬೇಕು?*



ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ ಎಲ್ಲರಿಗೂ ಇಷ್ಟ. ಆ ವಾಸನೆಗೆ ಮುಖ್ಯ ಕಾರಣ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ. ಟೆಟ್ರಾಸೈಕ್ಲಿನ್, ಸ್ಟ್ರೆಪ್ಟೊಮೈಸಿನ್ ಔಷಧಗಳು ಸಿಕ್ಕಿದ್ದೂ ಇದೇ ಕುಲದಿಂದ. ದೋಸೆ ಹಿಟ್ಟು ಹುದುಗು ಬರುವಂತೆ, ದೊಡ್ಡ ಟ್ಯಾಂಕುಗಳಲ್ಲಿ ಇವನ್ನು ಬೆಳೆಸುತ್ತಾರೆ.

ಆ ದ್ರವದಲ್ಲಿ ಔಷಧದ ಜೊತೆ ಸಕ್ಕರೆ, ಪ್ರೋಟೀನು, ಔಷಧವನ್ನೇ ಹೋಲುವ ಬೇರೆ ವಸ್ತುಗಳೂ ಇರುತ್ತವೆ. ಔಷಧ ಎಷ್ಟಿದೆ ಎಂದು ತಿಳಿಯಲು ಲಿಕ್ವಿಡ್ ಕ್ರೊಮ್ಯಾಟೊಗ್ರಫಿ ಬೇಕು.

1️⃣ ದ್ರವವನ್ನು ಸೋಸಿ ಬ್ಯಾಕ್ಟೀರಿಯಾ ತೆಗೆಯುತ್ತಾರೆ.
2️⃣ ಅದರ ಸ್ವಲ್ಪ ಭಾಗವನ್ನು, ಸಣ್ಣ ಕಣ ತುಂಬಿದ ಕೊಳವೆಯಲ್ಲಿ ಒತ್ತಡದಿಂದ ಹರಿಸುತ್ತಾರೆ. ಜಾತ್ರೆಯಲ್ಲಿ ಅಂಗಡಿಗೊಮ್ಮೆ ನಿಲ್ಲುವವರು ತಡವಾಗಿ ಹೊರಬರುತ್ತಾರಲ್ಲ, ಹಾಗೆ ಕಣಗಳಿಗೆ ಹೆಚ್ಚು ಅಂಟುವ ವಸ್ತು ತಡವಾಗಿ ಬರುತ್ತದೆ.
3️⃣ ಬಂದ ಹೊತ್ತಿನಿಂದ ಅದು ಯಾವುದೆಂದು, ಗ್ರಾಫಿನ ಶಿಖರದ ವಿಸ್ತಾರದಿಂದ ಎಷ್ಟೆಂದು ತಿಳಿಯುತ್ತದೆ. ಪ್ರಮಾಣ ಗೊತ್ತಿರುವ ಶುದ್ಧ ಔಷಧದೊಂದಿಗೆ ಹೋಲಿಸಿ ಲೆಕ್ಕ ಹಾಕುತ್ತಾರೆ.

*ನಮ್ಮ ಊರಿನ ಪಾಠ*
ಇದೇ ವಿಧಾನವನ್ನು ಮಾಸ್ ಸ್ಪೆಕ್ಟ್ರೋಮೀಟರ್ ಜೊತೆ ಬಳಸಿ, ಸ್ವೀಡನ್ ವಿಜ್ಞಾನಿಗಳು ಪಟಾನ್‌ಚೆರುವಿನ ತ್ಯಾಜ್ಯನೀರು ಪರೀಕ್ಷಿಸಿದರು. ಸುಮಾರು 90 ಔಷಧ ಕಾರ್ಖಾನೆಗಳ ತ್ಯಾಜ್ಯ ಬರುತ್ತಿದ್ದ ಶುದ್ಧೀಕರಣ ಘಟಕ ಅದು. ಶುದ್ಧೀಕರಿಸಿ ಹೊರಬಿಟ್ಟ ನೀರಿನಲ್ಲೇ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇತ್ತು! ಮಾತ್ರೆ ನುಂಗಿದವರ ರಕ್ತದಲ್ಲೂ ಇಷ್ಟು ಇರುವುದಿಲ್ಲ. ವರದಿ ಪ್ರಕಟವಾದದ್ದು 2007ರಲ್ಲಿ. (ಸಿಪ್ರೊ ಹುದುಗಿನಿಂದಲ್ಲ, ರಾಸಾಯನಿಕವಾಗಿ ತಯಾರಾಗುವುದು. ಅಳೆಯುವ ಕ್ರಮ ಮಾತ್ರ ಒಂದೇ.)

ಇಂಥ ನೀರಿನಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಮಾತ್ರ ಉಳಿದು ಬೆಳೆಯುತ್ತವೆ. ನಾಳೆ ನಮ್ಮ ಮಗುವಿಗೆ ಅವು ತಗುಲಿದರೆ ಅದೇ ಮಾತ್ರೆ ಕೆಲಸ ಮಾಡದು. ಬೇಕಿಲ್ಲದೆ ಮಾತ್ರೆ ನುಂಗಿದರೆ ನಮ್ಮ ಹೊಟ್ಟೆಯೊಳಗೂ ನಡೆಯುವುದು ಇದೇ.

*ಮನೆಯಲ್ಲಿ ಪಾಲಿಸಿ*
✅ ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬೇಡಿ.
✅ ನೆಗಡಿ, ಫ್ಲೂ ವೈರಸ್‌ನಿಂದ ಬರುತ್ತವೆ. ಆ್ಯಂಟಿಬಯಾಟಿಕ್ ಅವಕ್ಕೆ ನಾಟುವುದಿಲ್ಲ.
✅ ಡಾಕ್ಟರು ಹೇಳಿದಷ್ಟು ದಿನ ತೆಗೆದುಕೊಳ್ಳಿ. ನೀವಾಗಿಯೇ ನಿಲ್ಲಿಸಬೇಡಿ.
✅ ಉಳಿದ ಮಾತ್ರೆಯನ್ನು ಊರಿನಲ್ಲಿರುವ ಅಮ್ಮನಿಗೆ ಕಳಿಸಬೇಡಿ, ಸಿಂಕಿಗೂ ಹಾಕಬೇಡಿ.

ನಿಮ್ಮ ಮನೆಯ ಗ್ರೂಪಿಗೂ ಕಳಿಸಿ. 🌿