ಮೂಲೆ ಸೇರಿದ ಹಾರ್ಮೋನಿಯಂ

ಪ್ರಶ್ನೆ: ಮಗಳು ಆರನೇ ತರಗತಿ. ಶಾಲೆಯ ಪ್ರಾರ್ಥನೆಯಲ್ಲಿ ಚೆನ್ನಾಗಿ ಹಾಡುತ್ತಾಳೆಂದು ಎಲ್ಲರೂ ಹೊಗಳಿದ್ದರಿಂದ, ಮೆಕ್ಕೆಜೋಳ ಮಾರಿದ ದುಡ್ಡಿನಲ್ಲಿ ಹಾರ್ಮೋನಿಯಂ ಕೊಡಿಸಿದೆವು. ವಾರಕ್ಕೆರಡು ದಿನ ಬಸ್ಸಿನಲ್ಲಿ ದಾವಣಗೆರೆಗೆ ಕ್ಲಾಸಿಗೆ ಕರೆದೊಯ್ಯುತ್ತೇನೆ. ಮೊದಮೊದಲು ಬಿಟ್ಟೂಬಿಡದೆ ನುಡಿಸಿದಳು. ಈಗ ಕ್ಲಾಸಿನ ದಿನ ಬಂದರೆ ಹೊಟ್ಟೆನೋವು ಅಂತಾಳೆ. ಗದರಿದರೆ ಅಳುತ್ತಾಳೆ. ಶಾಲೆಯಲ್ಲಿ ಸಂಗೀತದ ಮೇಷ್ಟ್ರಿಲ್ಲ. ಬಲವಂತ ಮಾಡಲೇ, ಬಿಡಿಸಿಬಿಡಲೇ?
– ಒಬ್ಬ ತಾಯಿ, ಆನಗೋಡು

ಉತ್ತರ: ಹೊಲಮನೆ ಕೆಲಸ ಮುಗಿಸಿ ಬಸ್ಸು ಹಿಡಿಯುವ ನಿಮಗೆ, ಮೂಲೆ ಸೇರಿದ ಹಾರ್ಮೋನಿಯಂ ಕಂಡರೆ ಸಂಕಟವಾಗುವುದು ಸಹಜ. ‘ನಮಗೆ ಇದೆಲ್ಲ ಬೇಕಿತ್ತಾ’ ಎಂಬ ಅಳುಕೂ ಇರಬಹುದು. ಗದರಿದ್ದಕ್ಕೆ ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ಇಂಥ ಹಾರ್ಮೋನಿಯಂ, ತಬಲಾ ಎಷ್ಟೋ ಮನೆಗಳಲ್ಲಿವೆ.

ಆದರೆ ಅವಳಿಗೆ ಸಂಗೀತವೇ ಬೇಡವಾಗಿದೆ ಎಂದು ಈಗಲೇ ತೀರ್ಮಾನಿಸಬೇಡಿ. ಮೊದಲು ಹಾರ್ಮೋನಿಯಂನ ಮನೆ ಒತ್ತಿದರೆ ದನಿ ಬರುವುದೇ ಸಂಭ್ರಮವಾಗಿತ್ತು. ತಪ್ಪು ತಿಳಿಯುತ್ತಿರಲಿಲ್ಲ. ಈಗ ಸ್ವರ ತಪ್ಪಿದ್ದು ಕಿವಿಗೆ ತಿಳಿಯುತ್ತದೆ, ಬೆರಳು ಮಾತ್ರ ಮಾತು ಕೇಳುವುದಿಲ್ಲ. ನಿಮಗೆ ಸೋಮಾರಿತನವಾಗಿ ಕಾಣುವುದು ಕಲಿಕೆ ಒಂದು ಮೆಟ್ಟಿಲು ಏರಿದ ಗುರುತೂ ಆಗಿರಬಹುದು.

ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತ ಕಥೆಯನ್ನು ಮಕ್ಕಳಿಗೆ ಹೇಳುತ್ತೇವೆ. ಅವರ ತಾಯಿ ಅಂಬಾಬಾಯಿಯನ್ನು ಮರೆಯುತ್ತೇವೆ. ಕರ್ನಾಟಕ ಸಂಗೀತ ಬಲ್ಲ ಆ ತಾಯಿ, ಹಿಂದೂಸ್ತಾನಿ ಕಲಿಯುವ ಮಗಳಿಗೆ ತೊಡಕಾಗಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿದರು. ನೀವು ಅಷ್ಟೆಲ್ಲ ಬಿಡಬೇಕಿಲ್ಲ. ‘ಅಷ್ಟು ದುಡ್ಡು ಹಾಕಿದ್ದೇವೆ’ ಎಂಬ ಒಂದು ಮಾತು ಬಿಟ್ಟರೆ ಸಾಕು. ಅದನ್ನು ಕೇಳಿದಾಗಲೆಲ್ಲ ಹಾರ್ಮೋನಿಯಂ ಅವಳ ಪಾಲಿಗೆ ತೀರಿಸಬೇಕಾದ ಸಾಲವಾಗುತ್ತದೆ.

ಮೊದಲು, ತಲೆ ಬಾಚುವಾಗಲೋ ಊಟದ ನಂತರವೋ ‘ಯಾವುದು ಕಷ್ಟ ಆಗ್ತಿದೆ?’ ಎಂದು ಕೇಳಿ. ‘ಯಾಕೆ ನುಡಿಸಲ್ಲ?’ ಎನ್ನಬೇಡಿ. ಹೊಟ್ಟೆನೋವನ್ನು ನೆಪವೆಂದು ತಳ್ಳಿಹಾಕದೆ ಒಮ್ಮೆ ಡಾಕ್ಟರಿಗೆ ತೋರಿಸಿ. ಎಲ್ಲಾದರೂ ಯಾರಾದರೂ ಅವಳನ್ನು ಹೆದರಿಸುತ್ತಿದ್ದರೆ, ಮೈಮುಟ್ಟಿ ಕಾಡುತ್ತಿದ್ದರೆ, ಅವಳ ಮಾತು ನಂಬಿ, ಕ್ಲಾಸು ನಿಲ್ಲಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಅಂಥದ್ದೇನೂ ಇಲ್ಲದಿದ್ದರೆ ದಿನಕ್ಕೆ 15 ನಿಮಿಷ, ಒಂದೇ ಹೊತ್ತಿಗೆ ಅಭ್ಯಾಸವಿರಲಿ. ಸೊಪ್ಪು ಬಿಡಿಸುತ್ತ ನೀವು ಪಕ್ಕದಲ್ಲಿ ಕೂತಿರಿ. ತಿದ್ದಬೇಡಿ, ಸುಮ್ಮನೆ ಕೇಳಿ. ಕೊನೆಯ ಐದು ನಿಮಿಷ ಅವಳಿಷ್ಟದ ಹಾಡು, ಸಿನಿಮಾದ್ದಾದರೂ ಸರಿ. ಅಲಂಕಾರಗಳ ಜೊತೆ ಒಂದು ಚಿಕ್ಕ ವಚನವನ್ನೂ ಕಲಿಸುವಂತೆ ಗುರುಗಳನ್ನು ಕೇಳಿಕೊಳ್ಳಿ.

ಸಂಗೀತದ ಮೇಷ್ಟ್ರಿಲ್ಲದ ಶಾಲೆಯಲ್ಲೂ ಪ್ರಾರ್ಥನೆ ಇದ್ದೇ ಇದೆ. ವಾರಕ್ಕೊಂದು ದಿನ ಅವಳು ಹಾರ್ಮೋನಿಯಂ ನುಡಿಸಲಿ ಎಂದು ಮುಖ್ಯ ಶಿಕ್ಷಕರಲ್ಲಿ ವಿನಂತಿಸಿ. ಪ್ರತಿಭಾ ಕಾರಂಜಿಯ ವೇದಿಕೆ ವರ್ಷಕ್ಕೊಮ್ಮೆ, ಪ್ರಾರ್ಥನೆ ದಿನವೂ. ರಜೆಯಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಕರೆದುಕೊಂಡು ಹೋಗಿ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬೆಳೆಸಿದ ಆ ಜಾಗದಲ್ಲಿ ಕಣ್ಣಿಲ್ಲದ ಮಕ್ಕಳೂ ಕೂಡಿ ಕಲಿಯುತ್ತಾರೆ. ಒಬ್ಬಳೇ ಕಲಿಯುವ ಮಗುವಿಗೆ, ತನ್ನಂತೆಯೇ ತಪ್ಪುತ್ತ ತಿದ್ದಿಕೊಳ್ಳುವ ಮಕ್ಕಳನ್ನು ಕಂಡರೆ ಧೈರ್ಯ ಬರುತ್ತದೆ.

ಮೂರು ತಿಂಗಳು ಹೀಗೆ ನಡೆಸೋಣವೆಂದು ಅವಳ ಜೊತೆ ಮಾತಾಡಿಕೊಳ್ಳಿ. ಆಮೇಲೂ ಬೇಡವೆಂದರೆ ಬಿಡಿಸಿ. ಅದು ಅವಳ ಸೋಲೂ ಅಲ್ಲ, ನಿಮ್ಮದೂ ಅಲ್ಲ.

ಅಂಬಾಬಾಯಿ ಮಗಳಿಗಾಗಿ ಹಾಡು ನಿಲ್ಲಿಸಿದರು. ನೀವು ಶುರು ಮಾಡಿ ನೋಡಿ. ಇವತ್ತು ಸಂಜೆ ನಿಮಗೆ ಬರುವ ಒಂದು ಸೋಬಾನೆ ಪದ ಎತ್ತಿಕೊಂಡು, ‘ಇದಕ್ಕೆ ಶ್ರುತಿ ಹಿಡಿಯವ್ವ’ ಎನ್ನಿ.