ಮೊದಲು ಐದು ಓಟದ ಲೆಕ್ಕ, ಆಮೇಲೆ ಚಂದಾ

ಹಿಮವೇ ಬೀಳದ ಊರಿನವರಿಗೆ ಸ್ಕೀ ಯಾಕೆ ಎಂದು ಈಗ ಯಾರೂ ಕೇಳುವ ಹಾಗಿಲ್ಲ. ಕೊಡಗಿನ ತೆಕ್ಕಡ ಭವಾನಿ 2025ರಲ್ಲಿ ಚಿಲಿಯ ಕೊರಾಲ್ಕೊದಲ್ಲಿ ನಡೆದ 5 ಕಿ.ಮೀ. ಕ್ರಾಸ್ ಕಂಟ್ರಿ ಸ್ಕೀ ಓಟದಲ್ಲಿ ಕಂಚು ಗೆದ್ದು ಬಂದಿದ್ದಾರೆ. ಇದು ಬೆಟ್ಟದ ನೆತ್ತಿಯಿಂದ ಸರ್ರನೆ ಜಾರುವ ಆಲ್ಪೈನ್ ಸ್ಕೀಯಿಂಗ್ ಅಲ್ಲ. ಏರು, ಇಳಿಜಾರು, ಸಮತಟ್ಟು ಎಲ್ಲವನ್ನೂ ಕೈಕಾಲಿನ ಬಲದಲ್ಲೇ ದಾಟಬೇಕು. ದೂರದ ಓಟಗಾರರು, ರೋಲರ್ ಸ್ಕೇಟಿಂಗ್ ಮಾಡಿದವರು ಇತ್ತ ಹೊರಳಿದರೆ ಆಶ್ಚರ್ಯವಿಲ್ಲ.

ಕಷ್ಟವಿರುವುದು ಹೊತ್ತು ಮತ್ತು ಹಣದಲ್ಲಿ. ಜಗತ್ತಿನ ಮುಂಚೂಣಿಯ ಸ್ಕೀ ಓಟಗಾರರು ವರ್ಷಕ್ಕೆ ಸುಮಾರು 750ರಿಂದ 950 ಗಂಟೆ ಅಭ್ಯಾಸ ಮಾಡುತ್ತಾರೆ. ಅಂದರೆ ವಾರಕ್ಕೆ ಹದಿನಾಲ್ಕರಿಂದ ಹದಿನೆಂಟು ಗಂಟೆ. ಊಟ, ನಿದ್ದೆ, ಪ್ರಯಾಣ ಬೇರೆ. ಆಫೀಸು ಮುಗಿಸಿ ಸಂಜೆ ಮಾಡುವ ಕೆಲಸವಲ್ಲ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರ 15 ಕಿ.ಮೀ. ಓಡಿದ ಜಗದೀಶ್ ಸಿಂಗ್ ಸೇನೆಯವರು. ಅಂಥವರಿಗೆ ಸಂಬಳವೂ ಉಂಟು, ಹಿಮವೂ ಉಂಟು. ಉಳಿದವರು ಬೆಂಬಲಿಗರನ್ನು ಹುಡುಕಿಕೊಳ್ಳಲೇಬೇಕು. ಹುಡುಕುವ ಕ್ರಮ ಹೀಗಿರಲಿ.

ಕೇಳುವ ಮುನ್ನ ಕಲಿಯಿರಿ

ಗುಲ್ಮಾರ್ಗ್‌ನ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ, ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಎರಡೂ ಚಳಿಗಾಲದಲ್ಲಿ ಕೋರ್ಸ್ ನಡೆಸುತ್ತವೆ. ಆರಂಭಿಕರಿಗೆ ಅಲ್ಲಿ ಹೇಳಿಕೊಡುವುದು ಹೆಚ್ಚಾಗಿ ಇಳಿಜಾರಿನ ಸ್ಕೀಯಿಂಗ್. ಕ್ರಾಸ್ ಕಂಟ್ರಿ ಕಲಿಸುವವರು ಇದ್ದಾರೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ. ನಂತರ ರಾಷ್ಟ್ರೀಯ ಕೂಟ ಮತ್ತು 2020ರಲ್ಲಿ ಶುರುವಾದ ಖೇಲೊ ಇಂಡಿಯಾ ಚಳಿಗಾಲದ ಕ್ರೀಡಾಕೂಟ. ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಫೆಡರೇಷನ್ ಅಂದರೆ ಎಫ್‌ಐಎಸ್ ಓಟಗಳಿಗೆ ಬೇಕಾದ ಲೈಸೆನ್ಸ್ ನಮ್ಮ ರಾಷ್ಟ್ರೀಯ ಫೆಡರೇಷನ್ ಮೂಲಕವೇ ಬರಬೇಕು. ಖಾಸಗಿಯಾಗಿ ಸಿಗುವುದಿಲ್ಲ. ಲೈಸೆನ್ಸ್ ಇಲ್ಲದೆ ಚಂದಾ ಎತ್ತಲು ಹೋಗಬೇಡಿ.

ಪಾಯಿಂಟ್ ಲೆಕ್ಕ ಕಲಿಯಿರಿ

ಬಹಳ ಮಂದಿ ಹಾರಿಸಿಬಿಡುವ ಹಂತ ಇದೇ, ಆದರೆ ಇಡೀ ಬಜೆಟ್ಟಿನ ಬೇರು ಇಲ್ಲಿದೆ. ಎಫ್‌ಐಎಸ್ ಪಾಯಿಂಟ್ ಕಡಿಮೆಯಾದಷ್ಟೂ ಒಳ್ಳೆಯದು. ಗೆದ್ದವರಿಗಿಂತ ನೀವು ಶೇಕಡಾ ಎಷ್ಟು ಹಿಂದೆ ಎಂಬುದನ್ನು ಒಂದು ಅಂಕಿಯಿಂದ ಗುಣಿಸುತ್ತಾರೆ. ಒಬ್ಬೊಬ್ಬರಾಗಿ ಹೊರಡುವ ಓಟಕ್ಕೆ ಆ ಅಂಕಿ 800, ಎಲ್ಲರೂ ಒಟ್ಟಿಗೆ ಹೊರಡುವ ಓಟಕ್ಕೆ 1400. ಗೆದ್ದವರು 25 ನಿಮಿಷ, ನೀವು 30 ನಿಮಿಷ ತೆಗೆದುಕೊಂಡಿರಿ ಎನ್ನಿ. ಶೇ 20 ಹಿಂದೆ. ಮೊದಲ ಬಗೆಯ ಓಟದಲ್ಲಿ ಅದು 160 ಪಾಯಿಂಟ್, ಎರಡನೆಯದರಲ್ಲಿ 280. ಇದರ ಮೇಲೆ ಆ ಓಟದ ಮಟ್ಟಕ್ಕೆ ತಕ್ಕ ಪೆನಾಲ್ಟಿ ಸೇರುತ್ತದೆ. ಬಲಿಷ್ಠರು ಕೂಡಿದ ಕಡೆ ಅದು ಕಡಿಮೆ, ಸಣ್ಣ ಕೂಟದಲ್ಲಿ ಹೆಚ್ಚು. ಗುಂಪಿನ ಹಿಂದೆ ಒಂಟಿಯಾಗಿ ಉಳಿಯುವ ಹೊಸಬರಿಗೆ ಒಬ್ಬೊಬ್ಬರಾಗಿ ಹೊರಡುವ ಓಟವೇ ಲಾಭ.

ಹನ್ನೆರಡು ತಿಂಗಳಲ್ಲಿ ನಿಮ್ಮ ಅತ್ಯುತ್ತಮ ಐದು ಫಲಿತಾಂಶಗಳ ಸರಾಸರಿಯೇ ನಿಮ್ಮ ಪಾಯಿಂಟ್. 2018ರಲ್ಲಿ ಸಣ್ಣ ಸ್ಕೀ ದೇಶಗಳ ಒಬ್ಬೊಬ್ಬರಿಗೆ ಒಲಿಂಪಿಕ್ಸ್ ಬಾಗಿಲು ತೆರೆಯಲು ದೂರದ ಓಟದಲ್ಲಿ 300 ಪಾಯಿಂಟ್ ಮೀರಬಾರದಿತ್ತು. ಹಾಗಾಗಿ ಬೆಂಬಲಿಗರ ಮುಂದೆ 'ಒಲಿಂಪಿಕ್ಸ್‌ಗೆ ಹೋಗುತ್ತೇನೆ, ಹಣ ಕೊಡಿ' ಎನ್ನಬೇಡಿ. 'ಈ ಚಳಿಗಾಲದಲ್ಲಿ ಇಂಥ ಕಡೆ ಇಷ್ಟು ಓಟ ಓಡುತ್ತೇನೆ, ಅದರಲ್ಲಿ ಐದು ಚೆನ್ನಾಗಿ ಬರಬೇಕು, ಅದಕ್ಕೆ ಇಷ್ಟು ಖರ್ಚು' ಎನ್ನಿ. ಕೊಡುವವರಿಗೂ ತಾವು ಕೊಟ್ಟದ್ದು ಎಲ್ಲಿಗೆ ಹೋಯಿತೆಂದು ಕಾಣುತ್ತದೆ.

ಟೊಂಗಾದ ಪೀಟಾ ಟೌಫಟೊಫುವಾ ಹೆಸರು ಕೇಳಿರಬಹುದು. ರಿಯೊ ಒಲಿಂಪಿಕ್ಸ್‌ನಲ್ಲಿ ಮೈಗೆ ಎಣ್ಣೆ ಹಚ್ಚಿಕೊಂಡು ಧ್ವಜ ಹಿಡಿದ ಟೇಕ್ವಾಂಡೊ ಆಟಗಾರ. ಮೊದಲು ರಸ್ತೆಯಲ್ಲಿ ಗಾಲಿಯಿರುವ ರೋಲರ್ ಸ್ಕೀ ಓಟ ಓಡಿದರು, ಆನ್‌ಲೈನಿನಲ್ಲಿ ಜನರಿಂದ ಹಣ ಕೂಡಿಸಿದರು, ಸಾಲವನ್ನೂ ಮಾಡಿದರು. ಮೆಕ್ಸಿಕೊದ ಹರ್ಮಾನ್ ಮದ್ರಾಸೊ ಮೊದಲಾದವರ ಜೊತೆಗೂಡಿ ದೇಶದಿಂದ ದೇಶಕ್ಕೆ ಓಟ ಬೆನ್ನಟ್ಟಿ, ಗಡುವು ಮುಗಿಯುವ ಹೊತ್ತಿಗೆ ಐಸ್‌ಲ್ಯಾಂಡ್‌ನಲ್ಲಿ ಅರ್ಹತೆ ಗಿಟ್ಟಿಸಿದರು. ಪ್ಯೊಂಗ್‌ಚಾಂಗ್‌ನಲ್ಲಿ ಅವರದು 114ನೇ ಸ್ಥಾನ. ಅವರ ಸಾಹಸಕ್ಕಿಂತ ಅನುಕರಿಸಬೇಕಾದದ್ದು ಕಾರು, ಕೋಣೆ ಹಂಚಿಕೊಳ್ಳುವ ಜೊತೆಗಾರಿಕೆ. ಸಾಲವನ್ನಲ್ಲ.

ಯಾರ ಹಣ, ಯಾವ ದಾರಿ

ಇಲ್ಲಿ ಕಾನೂನು ತಿಳಿಯದೆ ಕೈಸುಟ್ಟುಕೊಳ್ಳುವುದು ಸುಲಭ. ಸಂಬಂಧಿಕರಲ್ಲದವರಿಂದ ಒಂದು ವರ್ಷದಲ್ಲಿ ಒಟ್ಟು 50,000 ರೂಪಾಯಿಗಿಂತ ಹೆಚ್ಚು ನಿಮ್ಮ ಖಾತೆಗೆ ಉಡುಗೊರೆಯಾಗಿ ಬಂದರೆ ಪೂರ್ತಿ ಮೊತ್ತವೂ ತೆರಿಗೆಗೆ ಒಳಪಟ್ಟ ಆದಾಯ. ಕೊಟ್ಟವರಿಗೆ ದೇಣಿಗೆಯ ಮೇಲಿನ ತೆರಿಗೆ ವಿನಾಯಿತಿಯೂ ಸಿಗದು. ಅದಕ್ಕೆ ನೋಂದಾಯಿತ ಟ್ರಸ್ಟ್ ಬೇಕು. ಕ್ರೀಡೆಗೆ ದುಡಿಯುವ ಟ್ರಸ್ಟ್ ಈಗಾಗಲೇ ಇದ್ದರೆ ಅದರ ಆಶ್ರಯ ಕೇಳಿ, ಹೊಸದನ್ನು ಕಟ್ಟುವ ಗೋಜು ಬೇಡ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿ ಅಂದರೆ ಸಿಎಸ್‌ಆರ್ ಕೂಡ ಸಾಮಾನ್ಯವಾಗಿ ಟ್ರಸ್ಟ್‌ನಂಥ ನೋಂದಾಯಿತ ಸಂಸ್ಥೆಯ ಮೂಲಕ ಬರುತ್ತದೆ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಒಲಿಂಪಿಕ್ ಕ್ರೀಡೆಗಳ ತರಬೇತಿಗೆ ಜಾಗವಿದೆ. ವಿದೇಶದಲ್ಲಿ ಮಾಡಿದ ಖರ್ಚು ಸಾಮಾನ್ಯವಾಗಿ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಆದರೆ ರಾಜ್ಯವನ್ನೋ ದೇಶವನ್ನೋ ಪ್ರತಿನಿಧಿಸುವ ಕ್ರೀಡಾಪಟುವಿನ ತರಬೇತಿಗೆ ವಿನಾಯಿತಿ ಕೊಟ್ಟಿದ್ದಾರೆ. ಕಂಪನಿಯ ಅಧಿಕಾರಿಗೇ ಇದು ಗೊತ್ತಿರಲಿಕ್ಕಿಲ್ಲ, ನಿಯಮದ ಪ್ರತಿ ಒಯ್ಯಿರಿ. ಇನ್ನೊಂದು ಮಾತು: ತಲೆಪಟ್ಟಿಯ ಮೇಲೆ ಕಂಪನಿಯ ಲೋಗೊ ಹಾಕಿ ಪ್ರಚಾರ ಕೊಟ್ಟರೆ ಅದು ಪ್ರಾಯೋಜಕತ್ವ, ಸಿಎಸ್‌ಆರ್ ಅಲ್ಲ. ಎರಡರಲ್ಲಿ ಒಂದನ್ನೇ ಕೇಳಬೇಕು.

ಹೊರದೇಶದ ಕನ್ನಡ ಕೂಟಗಳ ಕಡೆ ನೋಡುವವರು ಜಾಗ್ರತೆ. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ತೊಡಕಿಲ್ಲ. ಅಮೆರಿಕದ ಪೌರರಾದವರು ಕೊಟ್ಟದ್ದು ವಿದೇಶಿ ದೇಣಿಗೆಯಾಗುತ್ತದೆ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ) ಅಡ್ಡ ಬರುತ್ತದೆ. ಲೆಕ್ಕ ಪರಿಶೋಧಕರನ್ನು ಕೇಳದೆ ಪಡೆಯಬೇಡಿ.

ಹಣದ ಬದಲು ದುಡಿಮೆ ಕೊಟ್ಟು ಬದುಕುವ ದಾರಿಯೂ ಉಂಟು. ಅಮೆರಿಕದ ವರ್ಮಾಂಟ್ ರಾಜ್ಯದ ಕ್ರಾಫ್ಟ್ಸ್‌ಬರಿಯಲ್ಲಿ ಗ್ರೀನ್ ರೇಸಿಂಗ್ ಪ್ರಾಜೆಕ್ಟ್ ಎಂಬ ತಂಡವಿದೆ. ಓಟಗಾರರಿಗೆ ಊಟ, ವಸತಿ, ಕೋಚಿಂಗ್. ಪ್ರತಿಯಾಗಿ ಅವರು ಅಲ್ಲಿನ ಕ್ರೀಡಾ ಕೇಂದ್ರದ ಕೆಲಸಗಳಿಗೆ ಹೆಗಲು ಕೊಡುತ್ತಾರೆ. ನಮ್ಮಲ್ಲೂ ಒಂದು ಶಾಲೆಯೋ ಎಸ್ಟೇಟೋ ಹೀಗೆ ಒಬ್ಬರನ್ನು ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯೇನೂ ಕಾಣದು.

ಖರ್ಚಿನ ಕ್ರಮ

ಕೋಚ್, ಓಟದ ಪ್ರಯಾಣ, ಹಿಮದ ಮೇಲಿನ ದಿನಗಳು, ಕೊನೆಗೆ ಸಾಮಾನು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಹಿಮ ಬೇಕೆಂದರೆ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಚಿಲಿ, ಅರ್ಜೆಂಟೀನಾ. ಬೇಸಿಗೆಯಲ್ಲೂ ತೆರೆದಿರುವ ಸ್ಕೀ ಸುರಂಗ ಫಿನ್‌ಲೆಂಡ್‌ನ ವುವೊಕಟ್ಟಿಯಲ್ಲಿದೆ, ಸ್ವೀಡನ್‌ನ ಟೋರ್ಸ್‌ಬಿಯಲ್ಲಿದೆ. ಉಳಿದ ತಿಂಗಳು ಊರಲ್ಲೇ ರೋಲರ್ ಸ್ಕೀ. ಸಾಮಾನ್ಯವಾಗಿ ಅದಕ್ಕೆ ಬ್ರೇಕ್ ಇರುವುದಿಲ್ಲ. ಹೆಲ್ಮೆಟ್ ತೊಟ್ಟು ವಾಹನ ಕಡಿಮೆಯಿರುವ ರಸ್ತೆಯಲ್ಲಿ ಬೆಳಗಿನ ಹೊತ್ತು ಓಡಿ, ಕಡಿದಾದ ಇಳಿಜಾರಿನಲ್ಲಿ ಕಳಚಿ ಕೈಯಲ್ಲಿ ಹಿಡಿದು ನಡೆಯಿರಿ. ಸ್ಕೀಯ ಅಡಿಗೆ ಬಳಿಯುವ ದುಬಾರಿ ಫ್ಲೋರಿನ್ ಮೇಣವನ್ನು ಎಫ್‌ಐಎಸ್ 2023–24ರಿಂದ ನಿಷೇಧಿಸಿದೆ. ಬಡ ತಂಡಗಳ ಪಾಲಿಗೆ ಒಂದು ಹೊರೆ ಇಳಿಯಿತು.

ತಲೆಪಟ್ಟಿ, ಉಡುಪಿನ ಮೇಲಿನ ಜಾಹೀರಾತಿನ ಅಳತೆಯನ್ನೂ ಎಫ್‌ಐಎಸ್ ನಿಗದಿ ಮಾಡಿದೆ. ಒಲಿಂಪಿಕ್ಸ್‌ನಲ್ಲಂತೂ ಸ್ವಂತ ಪ್ರಾಯೋಜಕರ ಹೆಸರಿಗೆ ಉಡುಪಿನ ಮೇಲೆ ಅವಕಾಶವೇ ಇಲ್ಲ. ಒಪ್ಪಂದಕ್ಕೆ ಸಹಿ ಹಾಕುವಾಗಲೇ ತಿಳಿಸಿ.

ತಿಂಗಳಿಗೊಂದು ಪತ್ರ ಬರೆಯಿರಿ. ಹೇಗೆ ಓಡಿದಿರಿ, ಪಾಯಿಂಟ್ ಎಷ್ಟಾಯಿತು, ಎಷ್ಟು ಖರ್ಚಾಯಿತು, ಅಷ್ಟೇ ಸಾಕು. ಕೆಟ್ಟ ಓಟವನ್ನೂ ಬರೆಯಿರಿ, ಫಲಿತಾಂಶ ಹೇಗೂ ಎಫ್‌ಐಎಸ್ ಜಾಲತಾಣದಲ್ಲಿ ಯಾರಿಗಾದರೂ ಸಿಗುತ್ತದೆ. ಗಾಯವಾಗಿ ಚಳಿಗಾಲ ತಪ್ಪಿದರೆ ಉಳಿದ ಹಣ ಹಿಂತಿರುಗಿಸಲೋ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಲೋ ಎಂದು ಕೊಟ್ಟವರನ್ನೇ ಕೇಳಿ. ಓಟದ ಋತುವೂ ನಮ್ಮ ಆರ್ಥಿಕ ವರ್ಷವೂ ಮುಗಿಯುವುದು ಮಾರ್ಚ್ ಆಸುಪಾಸಿನಲ್ಲೇ. ಏಪ್ರಿಲ್ ಮುಗಿಯುವುದರೊಳಗೆ ರಸೀದಿಗಳ ಸಮೇತ ಲೆಕ್ಕಪತ್ರ ಎಲ್ಲರ ಕೈಸೇರಲಿ, ಮುಂದಿನ ವರ್ಷದ ಕೋರಿಕೆ ಅದಾದ ಮೇಲೆ.