ಚೊಂಬು ಹೇಳಿಕೊಡುವ ಡಿಸೈನ್ ಪಾಠ

ಪ್ರಾಜೆಕ್ಟ್ ರಿವ್ಯೂ ಹತ್ತಿರ ಬಂದಾಗ ನಾವೆಲ್ಲ ಆಡುವ ಮಾತು ಒಂದೇ: "ಮೊದ್ಲು ವರ್ಕ್ ಆಗ್ಲಿ, ಲುಕ್ ಆಮೇಲೆ ನೋಡ್ಕೊಳ್ಳೋಣ." ಅಂದರೆ ಅಂದ ಅನ್ನೋದು ಕೊನೆಗೆ ಬಳಿಯುವ ಬಣ್ಣ ಅಂತ ನಂಬಿಬಿಟ್ಟಿದ್ದೇವೆ. ಇದು ಸರಿಯಾ? ಮನೆಯ ಹಿತ್ತಾಳೆ ಚೊಂಬನ್ನೇ ಕೇಳೋಣ.

ಭಾರತ ಸರ್ಕಾರದ ಕೋರಿಕೆಯಂತೆ ದೇಶ ಸುತ್ತಿದ ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಒಂದು ವರದಿ ಕೊಟ್ಟರು. 1961ರಲ್ಲಿ ಅಹಮದಾಬಾದಿನಲ್ಲಿ ಶುರುವಾದ ಎನ್‌ಐಡಿಗೆ ಅದೇ ಬುನಾದಿ. ಅದರಲ್ಲಿ ಅವರು ಮನಸಾರೆ ಮೆಚ್ಚಿದ್ದು ಲೋಟಾವನ್ನು, ಅಂದರೆ ನಮ್ಮ ಚೊಂಬನ್ನು. ಎಷ್ಟು ನೀರು ಹಿಡಿಯಬೇಕು, ಹಿಡಿಯುವ ಕೈ ಎಷ್ಟು ದೊಡ್ಡದು, ತುಂಬಿದಾಗ ಮತ್ತು ಖಾಲಿಯಾದಾಗ ಸಮತೋಲ ಹೇಗೆ, ಬೆಲೆಯೆಷ್ಟು, ತಾಗಿದರೆ ಸದ್ದು ಹೇಗಿರಬೇಕು ಎಂದು ಪ್ರಶ್ನೆಗಳ ಪಟ್ಟಿಯನ್ನೇ ಬರೆದರು.

ಈಗ ಆಕಾರ ನೋಡಿ. ಗುಂಡನೆಯ ಹೊಟ್ಟೆ ಕಡಿಮೆ ಲೋಹದಲ್ಲಿ ಹೆಚ್ಚು ನೀರು ಹಿಡಿಯುತ್ತದೆ. ಕಿರಿದಾದ ಕತ್ತು ನೀರು ತುಳುಕದಂತೆ ತಡೆಯುತ್ತದೆ. ಹೊರಕ್ಕೆ ಬಾಗಿದ ಅಂಚು ಒದ್ದೆ ಬೆರಳಿಗೂ ಹಿಡಿತ ಕೊಡುತ್ತದೆ. ನಮ್ಮ ಕಣ್ಣಿಗೆ ಚೆಂದ ಕಾಣುವ ಒಂದೊಂದು ತಿರುವೂ ಒಂದೊಂದು ಕೆಲಸ ಮಾಡ್ತಿದೆ.

ಹಾಗಂತ ಜಗಳವೇ ಇಲ್ಲ ಅಂತಲ್ಲ. ಕತ್ತು ಇನ್ನೂ ಸಣ್ಣಗಿದ್ದರೆ ನೋಡಲು ನಾಜೂಕಾಗಿರುತ್ತಿತ್ತು. ಆದರೆ ಹುಣಸೆಹಣ್ಣು ಹಾಕಿ ಒಳಗೆ ತಿಕ್ಕೋಕೆ ಕೈ ಹೋಗಬೇಕಲ್ಲ? ಅಲ್ಲಿ ಬಳಕೆಯೇ ಗೆದ್ದಿದೆ.

ಇದಕ್ಕೆ ಎದುರು ಉದಾಹರಣೆ, 1990ರಲ್ಲಿ ಇಟಲಿಯ ಅಲೆಸ್ಸಿ ಕಂಪನಿ ತಂದ 'ಜ್ಯೂಸಿ ಸಾಲಿಫ್'. ಫಿಲಿಪ್ ಸ್ಟಾರ್ಕ್ ರೂಪಿಸಿದ, ಮೂರು ಉದ್ದ ಕಾಲಿನ ಅಲ್ಯೂಮಿನಿಯಂ ನಿಂಬೆ ಹಿಂಡುವ ಸಾಧನ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲೂ ಇದೆ. ಆದರೆ ಬೀಜ ತಡೆಯೋಕೆ ಜಾಲರಿಯೇ ಇಲ್ಲ! ಶೋಕೇಸಿಗೆ ಅದು ಸರಿ, ದಿನಾ ಪಾನಕ ಮಾಡುವವರಿಗೆ ಕಷ್ಟ. ಯಾರಿಗಾಗಿ, ಎಲ್ಲಿಗಾಗಿ ಅನ್ನೋದೇ ಮೊದಲ ಪ್ರಶ್ನೆ.

ನಮ್ಮ ಕೆಲಸಕ್ಕೆ ಬರೋಣ. ರೈತರಿಗೆಂದು ಮಣ್ಣಿನ ತೇವ ಅಳೆಯುವ ಪೆಟ್ಟಿಗೆ ಮಾಡ್ತೀವಿ ಅಂದ್ಕೊಳ್ಳಿ. ಮೂಲೆಗಳಿಗೆ ಫಿಲೆಟ್ ಕೊಟ್ಟರೆ ಸ್ಟ್ರೆಸ್ ಒಂದೇ ಕಡೆ ಸೇರುವುದು ಕಡಿಮೆಯಾಗುತ್ತದೆ, ಕೈಗೂ ಹಿತ. ಇಲ್ಲಿ ಅಂದ, ಬಳಕೆ ಎರಡೂ ಒಂದೇ. ಹೊಳೆಯುವ ನುಣುಪು ಮೈ ಫೋಟೋದಲ್ಲಿ ಚೆನ್ನ, ಕೆಸರುಗೈಯಲ್ಲಿ ಜಾರುತ್ತದೆ. ಅಲ್ಲಿ ಒರಟು ಮೈಯನ್ನೇ ಆರಿಸೋಣ, ಆ ಒರಟಿಗೇ ಒಂದು ಒಪ್ಪವಾದ ವಿನ್ಯಾಸ ಕೊಡೋಣ.

ಇಷ್ಟು ಯೋಚಿಸದಿದ್ದರೆ ರಿವ್ಯೂ ಪಾಸಾಗಬಹುದು, ಪೆಟ್ಟಿಗೆ ಮಾತ್ರ ರೈತರ ಮನೆಯ ಅಟ್ಟ ಸೇರುತ್ತದೆ. ಹಾಗಾಗಿ ಕ್ಯಾಡ್ ತೆರೆಯುವ ಮುಂಚೆ ಈಮ್ಸ್ ದಂಪತಿಯಂತೆ ನಾವೂ ಒಂದು ಪ್ರಶ್ನೆಪಟ್ಟಿ ಬರೆಯೋಣ.